ಹೊಸಿಲು ದಾಟದ ಬೆಕ್ಕು

ನಮ್ಮ ಬೊಳ್ಳಿ ಹೊಸಿಲು ದಾಟುವುದಿಲ್ಲ. ಇದು ಬೆಕ್ಕಿನ ಗುಣ ಅನ್ನುವುದಕ್ಕಿಂತ ನಮ್ಮ ಜಂಬ. ಕಾಸರಗೋಡಿನ ಬದಿಯಡ್ಕದ ಕಡೆ ಬೆಕ್ಕೆಂದರೆ ಅಡಿಕೆ ತೋಟ, ಕೊಟ್ಟಿಗೆ, ನಾಲ್ಕು ಮನೆಯ ಅಡುಗೆಕೋಣೆ ಎಲ್ಲ ಸುತ್ತಿ ಬರುವ ಜಾತಿ. ನಮ್ಮದು ಕಿಟಕಿಯಲ್ಲಿ ಕೂತು ಮಳೆ ನೋಡುತ್ತದೆ. ಹಾಗಾಗಿ ಆಗಸ್ಟ್-ಸೆಪ್ಟೆಂಬರಿನ ಸೋಣ ತಿಂಗಳ ಒಂದು ಸಂಜೆ ಅದು ಪರಪರ ಕೆರೆದುಕೊಳ್ಳುವಾಗ ಹೆಂಡತಿ "ಚಿಗಟ ಇರಬಹುದಾ?" ಅಂದದ್ದು ನನಗೆ ಮನೆತನಕ್ಕೇ ಬೈದ ಹಾಗೆ ಕೇಳಿಸಿತು.

ಪರೀಕ್ಷೆ ಸುಲಭ. ಹೇನಿನ ಬಾಚಣಿಗೆಯಲ್ಲಿ ಬಾಚಿದರೆ ಬಿಳಿ ಕಾಗದದ ಮೇಲೆ ಕಾಳುಮೆಣಸಿನ ಪುಡಿಯಂಥದ್ದು ಉದುರಿತು. ಒಂದು ಹನಿ ನೀರು ಬಿಟ್ಟೆ. ಮಣ್ಣಾಗಿದ್ದರೆ ಮಣ್ಣಾಗಿಯೇ ಇರುತ್ತಿತ್ತು. ಇದು ಸುತ್ತಲೂ ಕೆಂಪು ಬಿಟ್ಟಿತು. ಚಿಗಟದ ಹಿಕ್ಕೆ, ಅಂದರೆ ಬೊಳ್ಳಿಯದೇ ರಕ್ತ.

ಪಕ್ಕದ ಮನೆಯವರು ಅವರ ನಾಯಿಗೆ ತಂದು ಮಿಕ್ಕ ಬಾಟಲಿ ಕೊಟ್ಟರು. ಪುಣ್ಯಕ್ಕೆ ಚೀಟಿ ಓದಿದೆ. ಪರ್ಮೆಥ್ರಿನ್! ನಾಯಿಗೆ ಅದು ಮದ್ದು, ಬೆಕ್ಕಿಗೆ ವಿಷ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸಲು ಬರುವುದಿಲ್ಲ. ನಡುಕ, ಫಿಟ್ಸು, ಜೀವವೇ ಹೋಗಬಹುದು. ಅಮ್ಮ ನೆಕ್ಕಿಸೊಪ್ಪಿನ (ಲಕ್ಕಿಸೊಪ್ಪಿನ) ಹೊಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು, ಚಿಗಟ ಕೆಮ್ಮಲಿಲ್ಲ. ಸ್ನಾನ ಮಾಡಿಸಿದ ಕತೆ ಬೇಡ, ಕೈಯ ಗೀರು ಇನ್ನೂ ಮಾಸಿಲ್ಲ.

ಕೊನೆಗೆ ಪೇಟೆಗೆ ಹೋದೆ. ಮದ್ದಿನಂಗಡಿಯ ಹುಡುಗನಿಗೆ ಚಿಗಟ ಅಂದರೆ ತಿಳಿಯಲಿಲ್ಲ. ಮಲಯಾಳದಲ್ಲಿ "ಚೆಳ್ಳ್" ಅಂದದ್ದೇ ಮುಖ ಅರಳಿತು. ನಮ್ಮೂರಲ್ಲಿ ಕಾಯಿಲೆಯನ್ನೂ ಮೂರು ಭಾಷೆಯಲ್ಲಿ ಕಲಿತಿರಬೇಕು. ಬೆಕ್ಕಾದರೂ ಅಷ್ಟೇ: ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ. ಬೊಳ್ಳಿ ಮೂರಕ್ಕೂ ತಿರುಗಿ ನೋಡುವುದಿಲ್ಲ. ತೂಕ ಕೇಳಿ, ಬೆಕ್ಕಿಗೆಂದೇ ಇರುವ ಫಿಪ್ರೊನಿಲ್ ಕೊಟ್ಟ. ನಾಲಿಗೆ ಮುಟ್ಟದ ಜಾಗ, ಅಂದರೆ ಕುತ್ತಿಗೆಯ ಹಿಂದೆ, ಕೂದಲು ಸರಿಸಿ ಚರ್ಮದ ಮೇಲೆ ಬಿಡಬೇಕು.

ಬಿಟ್ಟಾಯಿತು. ವಾರದ ಮೇಲೆ ಮತ್ತೆ ಚಿಗಟ! ಮದ್ದು ಸುಳ್ಳು ಅಂತ ಬೈದೆ. ಆಮೇಲೆ ಓದಿ ನೋಡಿದರೆ ತಪ್ಪು ಮದ್ದಿನದಲ್ಲ. ಬೆಕ್ಕಿನ ಮೈ ದೊಡ್ಡ ಚಿಗಟಕ್ಕೆ ಊಟದ ಹಂತಿ, ಅದರ ಮೊಟ್ಟೆ-ಮರಿಗಳ ಸಂಸಾರ ಇರುವುದು ನಮ್ಮ ಚಾಪೆಯ ಅಡಿಯಲ್ಲಿ. ಹೆಣ್ಣು ದಿನಕ್ಕೆ 40 ಮೊಟ್ಟೆಯವರೆಗೂ ಇಡುತ್ತದೆ. ಮೊಟ್ಟೆಗೆ ಅಂಟಿಲ್ಲ, ಬೆಕ್ಕು ಮಲಗಿದಲ್ಲೆಲ್ಲ ಜಾರಿ ಬೀಳುತ್ತದೆ. ಮರಿಹುಳಕ್ಕೆ ಬೆಳಕು ಆಗದು, ಸಂದು ಹುಡುಕಿ ಹೋಗುತ್ತದೆ. ಅದಕ್ಕೆ ತಿನ್ನಲು ದೊಡ್ಡವರ ಆ ರಕ್ತದ ಹಿಕ್ಕೆಯೂ ಜೊತೆಗೇ ಉದುರಿರುತ್ತದೆ. ಬುತ್ತಿ ಕಟ್ಟಿ ಕಳಿಸಿದ ಹಾಗೆ! ಆಮೇಲೆ ಗೂಡು. ಗೂಡಿನೊಳಗೆ ತಿಂಗಳುಗಟ್ಟಲೆ ಸುಮ್ನೆ ಕಾಯಬಲ್ಲದು. ಯಾರದ್ದಾದರೂ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ಸಿಕ್ಕಿತೋ, ಹೊರಗೆ ಹಾರುತ್ತದೆ. ಬಹಳ ದಿನ ಬೀಗ ಹಾಕಿದ ಮನೆಗೆ ಕಾಲಿಟ್ಟದ್ದೇ ಚಿಗಟ ಮುತ್ತುವುದು ಇದಕ್ಕೇ.

ಅಲ್ಲಿಗೆ ಓದುವುದು ನಿಲ್ಲಿಸಿದೆ.

ಬೀಗ ಹಾಕಿದ ಮನೆ. ನಾಗರ ಪಂಚಮಿಗೆ ನಮ್ಮ ತರವಾಡು ಮನೆಯ, ಅಂದರೆ ಹಿರಿಯರ ಮನೆಯ, ಬಾಗಿಲು ತೆಗೆದವನು ನಾನೇ. ಮಕ್ಕಳೆಲ್ಲ ಬೆಂಗಳೂರಲ್ಲಿ, ವರ್ಷದ ಉಳಿದ ದಿನ ಆ ಜಗಲಿ ಊರ ನಾಯಿಗಳದ್ದು. ಅಲ್ಲೇ ಹಳೇ ಗೋಣಿಯ ಮೇಲೆ ಕೂತು ಎಳನೀರು ಕುಡಿದಿದ್ದೆ. ಅದೇ ಮುಂಡಿನಲ್ಲಿ (ಪಂಚೆಯಲ್ಲಿ) ಮನೆಗೆ ಬಂದು ಬೊಳ್ಳಿಯನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದೆ. ಹೆಂಡತಿಗೆ ಹೇಳಲು ಎರಡು ದಿನ ಹಿಡಿಯಿತು.

ಮತ್ತೆ ಎರಡು ತಿಂಗಳು ಮನೆಯವರಿಗೆಲ್ಲ ಅದೇ ಕೆಲಸ. ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆದೆವು, ಬಿಸಿಲು ಇಣುಕಿದಾಗೆಲ್ಲ ಚಾಪೆ ಹಾಕಿದೆವು, ಮಂಚದ ಅಡಿ, ನೆಲದ ಸಂದು ಎಲ್ಲ ವ್ಯಾಕ್ಯೂಮಿನಲ್ಲಿ ಎಳೆದೆವು. ತಿಂಗಳಿಗೊಮ್ಮೆ ಕುತ್ತಿಗೆಗೆ ಹನಿ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಕಂಡಾಗ ಜಂತಿನ ಮಾತ್ರೆಯೂ ಆಯಿತು. ನೆಕ್ಕುವಾಗ ಚಿಗಟ ನುಂಗಿದರೆ ಲಾಡಿಹುಳ ಬರುತ್ತದಂತೆ.

ಈ ವರ್ಷ ಪಂಚಮಿ ಮುಗಿಸಿ ಬಂದಾಗ ಮೆಟ್ಟಿಲ ಬಳಿ ಬಿಸಿನೀರಿನ ಬಾಲ್ದಿ, ಬೇರೆ ಮುಂಡು ಇಟ್ಟಿತ್ತು. "ಅಲ್ಲೇ ನಿಲ್ಲಿ," ಅಂದಳು ಹೆಂಡತಿ ಒಳಗಿಂದ. ಮಳೆ ಹನಿಯುತ್ತಿತ್ತು. ಬೊಳ್ಳಿ ಕಿಟಕಿಯಲ್ಲಿ ಕೂತು ನನ್ನನ್ನು ನೋಡುತ್ತಿತ್ತು.