ಅಮಾಲ್ಫಿಗೆ ಹೋದರೆ ನಡೆದೇ ನೋಡಿ

ಮೊದಲೇ ಹೇಳಿಬಿಡುತ್ತೇನೆ. ಯುರೋಪ್‌ಗೆ ಜೀವನದಲ್ಲಿ ಒಂದು ಸಲ ಹೋಗುವಷ್ಟು ದುಡ್ಡು, ರಜೆ ಕೂಡಿಟ್ಟವರು ದಯವಿಟ್ಟು 7 ದೇಶ ಸುತ್ತಬೇಡಿ. ಒಂದೇ ಒಂದು ಕರಾವಳಿ ಆರಿಸಿಕೊಳ್ಳಿ. ಅದನ್ನು ನಡೆದು ನೋಡಿ. ಜೊತೆಗೆ ಅಲ್ಲೇ ಹುಟ್ಟಿ ಬೆಳೆದ ಗೈಡ್ ಒಬ್ಬರಿರಲಿ. ಎರಡೂ ಥರ ಹೋಗಿ ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ನಾನು ಮತ್ತು ಅಕ್ಕ ಒಂದು ಟೂರ್ ಕಂಪನಿಯ ಬಸ್ಸಿನಲ್ಲಿ 11 ದಿನಕ್ಕೆ 7 ದೇಶ ನೋಡಿದೆವು. ಬೆಳಿಗ್ಗೆ 6ಕ್ಕೆ ಸೂಟ್‌ಕೇಸ್ ಬಾಗಿಲ ಹೊರಗಿಡಬೇಕು. ಇಳಿಯುವುದು, ಫೋಟೋ ತೆಗೆಯುವುದು, ಹತ್ತುವುದು. ಮನೆಗೆ ಬಂದು ಫೋಟೋ ನೋಡಿದರೆ ಯಾವ ಚರ್ಚ್ ಯಾವ ಊರಿನದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಅಕ್ಕನಿಗೆ ತುಂಬಾ ಬೇಜಾರಾಯಿತು. ಮೇಷ್ಟ್ರ ಕೆಲಸ ಮಾಡಿ ಸಂಬಳದಲ್ಲಿ ಉಳಿಸಿದ ದುಡ್ಡು ಅದು.

ಈ ಸಲ ಮೇ ತಿಂಗಳಲ್ಲಿ ಇಟಲಿಯ ಅಮಾಲ್ಫಿ ಕರಾವಳಿಗೆ ಹೋದೆವು. ನೇಪಲ್ಸ್‌ನಿಂದ ದಕ್ಷಿಣಕ್ಕೆ ಬರುತ್ತದೆ. ಒಟ್ಟು 6 ದಿನ, 10 ಜನ, ಒಬ್ಬ ಗೈಡ್. ಆಕೆಗೆ ನಲವತ್ತರ ಆಸುಪಾಸು, ಬೆಟ್ಟದ ಮೇಲಿನ ಅಜೆರೊಲಾದವರು. ದಿನಕ್ಕೆ ಏಳೆಂಟು ಕಿಲೋಮೀಟರ್ ನಡಿಗೆ. ಕೇಳಿದರೆ ಕಮ್ಮಿ ಅನಿಸುತ್ತದೆ ಅಲ್ವಾ? ಆದರೆ ಇಲ್ಲಿ ಸಮತಟ್ಟು ಅನ್ನುವುದೇ ಇಲ್ಲ. ಸಮುದ್ರದಿಂದ ಎದ್ದ ಬೆಟ್ಟ ನೆಟ್ಟಗೆ ನಿಂತಿದೆ. ಹಾಗಾಗಿ ಎಲ್ಲಿಗೆ ಹೋಗುವುದಿದ್ದರೂ ಮೆಟ್ಟಿಲು.

ಕೆಳಗೆ ಕಾರು, ಬಸ್ಸು ಓಡುವ ರಸ್ತೆ ಇದೆ, ಸಿನಿಮಾಗಳಲ್ಲಿ ನೋಡಿರುತ್ತೀರಿ. ಅದು ಬಂದಿದ್ದು 19ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಊರಿಂದ ಊರಿಗೆ ಹೋಗಲು ದೋಣಿ ಬೇಕಿತ್ತು, ಇಲ್ಲವೇ ಈ ಮೆಟ್ಟಿಲು ಹತ್ತಬೇಕಿತ್ತು. ಅಂದರೆ ನಾವು ನಡೆದದ್ದು ಟೂರಿಸ್ಟರಿಗೆ ಅಂತ ಮಾಡಿದ ದಾರಿ ಅಲ್ಲ. ಹೇಸರಗತ್ತೆ ಹೊಡೆದುಕೊಂಡು ಹೋಗುತ್ತಿದ್ದವರ, ತಲೆಹೊರೆ ಹೊತ್ತವರ ದಾರಿ. ಈಗಲೂ ಕೆಲವು ಕಡೆ ಮನೆ ಕಟ್ಟುವ ಕಲ್ಲು, ಮರಳು ಹೇಸರಗತ್ತೆ ಬೆನ್ನ ಮೇಲೇ ಹೋಗುತ್ತದೆ.

ಎಲ್ಲರೂ ಕೇಳುವುದು 'ದೇವರ ದಾರಿ' ಬಗ್ಗೆ. ಇಟಾಲಿಯನ್‌ನಲ್ಲಿ ಸೆಂತಿಯೆರೊ ದೆಲಿ ದೇಯಿ. ಅಜೆರೊಲಾದ ಬೊಮೆರಾನೊ ಅನ್ನುವ ಹಳ್ಳಿಯ ಚೌಕದಲ್ಲಿ ಶುರುವಾಗಿ ನೊಚೆಲ್ಲೆ ತನಕ ಹೋಗುತ್ತದೆ. ಸಮುದ್ರಮಟ್ಟದಿಂದ 600 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿ ಹೊರಟು, ಬೆಟ್ಟದ ಪಕ್ಕೆಯಲ್ಲೇ ನಿಧಾನಕ್ಕೆ ಇಳಿಯುವ ಕಾಲುದಾರಿ. ಬಂಡೆಗಳ ಮೇಲೆ ಕೆಂಪು ಬಿಳಿ ಬಣ್ಣದ ಗುರುತು ಬಳಿದಿರುತ್ತಾರೆ. ಎಡಕ್ಕೆ ಕೆಳಗೆ ಸಮುದ್ರ. ದೂರದಲ್ಲಿ ಲಿ ಗಾಲ್ಲಿ ಅನ್ನುವ ಪುಟ್ಟ ದ್ವೀಪಗಳು. ಹಾಡು ಹೇಳಿ ನಾವಿಕರನ್ನು ಸೆಳೆದು ಕೊಲ್ಲುತ್ತಿದ್ದ ಮಾಯಾವಿನಿಯರು ಅಲ್ಲಿದ್ದರಂತೆ, ಗ್ರೀಕ್ ಪುರಾಣದ ವೀರ ಯುಲಿಸಿಸ್‌ನನ್ನು ಅವರಿಂದ ಕಾಪಾಡಲು ದೇವತೆಗಳು ಈ ದಾರಿಯಲ್ಲೇ ಸಮುದ್ರಕ್ಕೆ ಇಳಿದು ಬಂದರಂತೆ. ಹೆಸರು ಬಂದಿದ್ದು ಹಾಗೆ. ಕಥೆ ಮುಗಿಸಿದ ಗೈಡ್ ನಮ್ಮನ್ನು ಒಂದು ಕಡೆ ಕೂರಿಸಿ ಹತ್ತು ನಿಮಿಷ ಯಾರೂ ಮಾತಾಡಬೇಡಿ ಅಂದರು. ಗಾಳಿ, ಎಲ್ಲೋ ಮೇಕೆಗಳ ಗಂಟೆ, ಬಹಳ ಕೆಳಗೆ ಒಂದು ದೋಣಿಯ ಶಬ್ದ. ಬಸ್ ಟೂರಿನಲ್ಲಿ ನಮಗೆ ಇಂಥ ಹತ್ತು ನಿಮಿಷ ಯಾರೂ ಕೊಟ್ಟಿರಲಿಲ್ಲ.

ನೊಚೆಲ್ಲೆಯಿಂದ ಕೆಳಗೆ ಅರಿಯೆಂಜೊ ತನಕ ಸುಮಾರು 1,700 ಮೆಟ್ಟಿಲು. ಅಲ್ಲಿಂದ ಪೊಸಿತಾನೊ ಹತ್ತಿರ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ಮಂಡಿಯ ಕೆಲಸ. ನಾವಿಬ್ಬರೂ ಹೊರಡುವ ಮುಂಚೆ 3 ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದ್ದೆವು. ಆದರೂ ನೊಚೆಲ್ಲೆಗೆ ಬರುವ ಹೊತ್ತಿಗೆ ಅಕ್ಕನ ಬಲ ಮಂಡಿ ಊದಿಕೊಂಡಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಗೈಡ್ ಹಿಂದಿನಿಂದ ನಡಿಗೆ ನೋಡಿಯೇ ಗುರುತು ಹಿಡಿದರು. "ಇವತ್ತು ನಿಮಗೆ ಮೆಟ್ಟಿಲು ಬೇಡ" ಅಂತ ಹೇಳಿ, ಪೊಸಿತಾನೊಗೆ ಹೋಗುವ ಊರ ಪುಟ್ಟ ಬಸ್ಸಿಗೆ ಹತ್ತಿಸಿ, ಡ್ರೈವರ್‌ಗೆ ಎಲ್ಲಿ ಇಳಿಸಬೇಕು ಅಂತ ಹೇಳಿ ಬಂದರು. ಮರುದಿನದ ದಾರಿಯನ್ನೂ ಬದಲಿಸಿ, ಅಮಾಲ್ಫಿ ತನಕ ದೋಣಿಯಲ್ಲಿ ಕರೆದುಕೊಂಡು ಹೋದರು. ಒಬ್ಬರಿಗಾಗಿ ಹತ್ತು ಜನರ ಯೋಜನೆ ಬದಲಾಯಿತು, ಯಾರೂ ಗೊಣಗಲಿಲ್ಲ. ಯಾಕೆಂದರೆ ಆಕೆ ಅದನ್ನು ಎಲ್ಲರಿಗೂ ವಿವರಿಸಿ, ಒಪ್ಪಿಸಿಯೇ ಮಾಡಿದ್ದು.

"ಫೋನಿನಲ್ಲಿ ಮ್ಯಾಪ್ ಇದೆಯಲ್ಲ, ಗೈಡ್‌ಗೆ ಯಾಕೆ ಸುಮ್ನೆ ದುಡ್ಡು?" ಅಂತ ನಮ್ಮ ಮನೆಯಲ್ಲೇ ಕೇಳಿದರು. ದಾರಿ ಫೋನಿನಲ್ಲಿ ಸಿಗುತ್ತದೆ, ನಿಜ. ಆದರೆ ಮಂಡಿ ಊದಿದ್ದು ಫೋನಿಗೆ ಕಾಣಿಸುವುದಿಲ್ಲ. ಅದೇ ದಿನ ದಾರಿ ನಡುವೆ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಸಿಕ್ಕಿದರು. ಕಾಲಿಗೆ ಬರೀ ಹವಾಯಿ ಚಪ್ಪಲಿ, ಬಾಟಲಿಯಲ್ಲಿ ಒಂದು ಗುಟುಕು ನೀರು, ನೆತ್ತಿ ಮೇಲೆ ಬಿಸಿಲು. ಅವರ ಕೈಯಲ್ಲೂ ಮ್ಯಾಪ್ ಇತ್ತು. ನಮ್ಮ ಗೈಡ್ ತಮ್ಮ ಬಾಟಲಿ ಕೊಟ್ಟು, ನೊಚೆಲ್ಲೆ ತನಕ ನಮ್ಮ ಜೊತೆಗೇ ಕರೆದುಕೊಂಡು ಬಂದರು.

ಈಗ ನಿಂಬೆಹಣ್ಣಿನ ವಿಷಯ. ಇದನ್ನು ಬರೆಯಲೆಂದೇ ಕೂತಿದ್ದು ಅಂದರೂ ತಪ್ಪಿಲ್ಲ.

ಮೈಯೋರಿ ಮತ್ತು ಮಿನೋರಿ ಅಂತ ಅಕ್ಕಪಕ್ಕದ ಎರಡು ಊರು. ಅವುಗಳ ನಡುವೆ ಗುಡ್ಡ ಹತ್ತಿ ಇಳಿಯುವ 'ನಿಂಬೆ ದಾರಿ' ಇದೆ. ಎರಡೂ ಕಡೆ ತೋಟ. ಚೆಸ್ಟ್‌ನಟ್ ಮರದ ಕಂಬ ನೆಟ್ಟು ಚಪ್ಪರ ಹಾಕಿ, ಅದರ ಮೇಲೆ ಗಿಡದ ಕೊಂಬೆ ಹಬ್ಬಿಸಿದ್ದಾರೆ. ಚಳಿಗಾಲದಲ್ಲಿ ಚಪ್ಪರದ ಮೇಲೆ ಬಲೆ ಎಳೆದು ಆಲಿಕಲ್ಲು, ಗಾಳಿಯಿಂದ ಕಾಪಾಡುತ್ತಾರೆ. ನಾವು ಹೋದಾಗ ಹಣ್ಣೂ ಇತ್ತು, ಹೂವೂ ಇತ್ತು. ಆ ಪರಿಮಳವನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ.

ಈ ತಳಿಯ ಹೆಸರು ಸ್ಫುಸಾತೊ. ಉದ್ದಕ್ಕೆ, ತುದಿಯಲ್ಲಿ ಮೊನಚು. ನಮ್ಮ ನಿಂಬೆಹಣ್ಣಿನಂತೆ ತೆಳು ಸಿಪ್ಪೆ ಅಲ್ಲ. ಒಳಗಿನ ಬಿಳಿ ಭಾಗ ದಪ್ಪ, ಕಹಿ ಕಮ್ಮಿ. ತೋಟದ ಯಜಮಾನರು ಹಣ್ಣನ್ನು ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿ, ಉಪ್ಪು ಉದುರಿಸಿ ಕೊಟ್ಟರು. ಅಕ್ಕ ಬಾಯಿಗಿಟ್ಟವಳೇ "ಮಾದಲಕಾಯಿ ಕಣೇ!" ಅಂದಳು. ಆ ಮಾತಿನಲ್ಲಿ ನಿಜ ಇದೆ. ನಿಂಬೆ ಜಾತಿಯ ಮೂಲ ಹಿಮಾಲಯದ ತಪ್ಪಲು, ಅಂದರೆ ಈಶಾನ್ಯ ಭಾರತ, ಮ್ಯಾನ್ಮಾರ್, ಚೀನಾದ ಯುನ್ನಾನ್ ಸೇರುವ ಜಾಗ. ಈ ಹಳದಿ ನಿಂಬೆ ಹುಟ್ಟಿದ್ದೇ ಮಾದಲ ಮತ್ತು ಹುಳಿ ಕಿತ್ತಳೆ ಬೆರೆತು. ಅರಬರು ಅದನ್ನು ಮೆಡಿಟರೇನಿಯನ್ ಸುತ್ತ ಹರಡಿದರು. ಅಮಾಲ್ಫಿ ಆಗಿನ ಕಾಲಕ್ಕೆ ದೊಡ್ಡ ಬಂದರು, ಅರಬರ ಜೊತೆ ವ್ಯಾಪಾರ ಜೋರಾಗಿತ್ತು. ನಮ್ಮ ಅಮ್ಮ ಉಪ್ಪಿನಕಾಯಿ ಹಾಕುತ್ತಿದ್ದ ಹಣ್ಣಿನ ನೆಂಟಸ್ತಿಕೆ ಅಷ್ಟು ದೂರ ಹೋಗಿದೆ.

ಆ ನಿಂಬೆಯನ್ನು ಬೆಟ್ಟದಿಂದ ದಡಕ್ಕೆ ಇಳಿಸುತ್ತಿದ್ದವರು ಹೆಂಗಸರು. ಅವರನ್ನು ಫೊರ್ಮಿಕೆಲ್ಲೆ ಅನ್ನುತ್ತಿದ್ದರು, ಪುಟ್ಟ ಇರುವೆಗಳು ಅಂತ ಅರ್ಥ. ಸಾಲಾಗಿ ಮೆಟ್ಟಿಲು ಇಳಿಯುತ್ತಿದ್ದರು, ಒಂದು ಬುಟ್ಟಿ ತುಂಬಿದರೆ 50 ಕಿಲೋಗೂ ಜಾಸ್ತಿ. ಅಂಥ ಹಳೆಯ ಬುಟ್ಟಿಯೊಂದು ಆ ತೋಟದಲ್ಲಿತ್ತು. ಅಕ್ಕ ಖಾಲಿ ಬುಟ್ಟಿ ಎತ್ತಿ ನೋಡಿ ಸುಮ್ಮನೆ ಕೆಳಗಿಟ್ಟಳು. ನಮ್ಮ ಅಜ್ಜಿ ಶಿರಸಿ ಕಡೆ ಬೆಟ್ಟದಿಂದ ಅಡಿಕೆ ತೋಟಕ್ಕೆ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತು ತರುತ್ತಿದ್ದರು. ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಅಜ್ಜಿಯ ವಿಷಯವೇ ಮಾತಾಡಿದೆವು.

ಇನ್ನು ಗೋಡೆಗಳು. ದೂರದಿಂದ ಫೋಟೋ ನೋಡುವವರಿಗೆ ಇದು ಹಸಿರು ಬೆಟ್ಟ. ಹತ್ತಿರ ಹೋದರೆ ಬೆಟ್ಟವೇ ಗೋಡೆ. ಕೆಳಗಿನಿಂದ ಮೇಲಿನ ತನಕ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿ, ಮಣ್ಣು ತುಂಬಿ ತೋಟ ಮಾಡಿದ್ದಾರೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮೇಲೆ ಕಲ್ಲು. ಮಳೆ ನೀರು ಸಂದಿಯಲ್ಲಿ ಸೋರಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಈ ಕರಾವಳಿಯನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. 2018ರಲ್ಲಿ ಇಟಲಿ ಸೇರಿ 8 ದೇಶಗಳ ಈ ಕಲ್ಲು ಕಟ್ಟುವ ವಿದ್ಯೆಗೂ ಯುನೆಸ್ಕೊ ಮನ್ನಣೆ ಸಿಕ್ಕಿತು. ಪಟ್ಟಿಗೆ ಸೇರಿದ್ದು ಸಂತೋಷ. ಆದರೆ ಗೋಡೆ ನಿಲ್ಲುವುದು ಪಟ್ಟಿಯಿಂದಲ್ಲ, ಪ್ರತಿ ವರ್ಷ ಬಿದ್ದ ಕಲ್ಲು ಎತ್ತಿ ಕೂರಿಸುವ ಕೈಗಳಿಂದ. ಆ ಕೈಗಳು ಕಮ್ಮಿಯಾಗುತ್ತಿವೆ. ತೋಟ ಬಿಟ್ಟು ಹೋಟೆಲ್ ಕೆಲಸಕ್ಕೆ ಹೋದವರ ಜಾಗದಲ್ಲಿ ಮುಳ್ಳು ಬೆಳೆದು ಗೋಡೆ ಉಬ್ಬಿದ್ದನ್ನು ಗೈಡ್ ಬೆರಳು ಮಾಡಿ ತೋರಿಸಿದರು. ಒಮ್ಮೆ ತೋರಿಸಿದ ಮೇಲೆ ಎಲ್ಲೆಲ್ಲೂ ಅದೇ ಕಾಣುತ್ತಿತ್ತು.

ಇಲ್ಲಿ ಅದು ಜೀವದ ಪ್ರಶ್ನೆ. ತಳದಲ್ಲಿ ಸುಣ್ಣಕಲ್ಲಿನ ಬಂಡೆ, ಅದರ ಮೇಲೆ ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಬೂದಿ, ಹಗುರ ಕಲ್ಲುಗಳ ಸಡಿಲ ಪದರ. ಜೋರು ಮಳೆ ಬಂದರೆ ಆ ಪದರ ಬಂಡೆ ಮೇಲಿಂದ ಜಾರಿ ಬಂದುಬಿಡುತ್ತದೆ. 1954ರ ಅಕ್ಟೋಬರ್‌ನಲ್ಲಿ ಸಾಲೆರ್ನೊ, ಮೈಯೋರಿ, ಮಿನೋರಿ ಕಡೆ ಬಂದ ಪ್ರವಾಹದಲ್ಲಿ 300ಕ್ಕೂ ಜಾಸ್ತಿ ಜನ ಸತ್ತರು. 2010ರಲ್ಲಿ ಅತ್ರಾನಿ ಅನ್ನುವ ಪುಟ್ಟ ಊರಿನ ಬೀದಿಯಲ್ಲೇ ಹಳ್ಳ ಕೆಸರಾಗಿ ನುಗ್ಗಿ ಒಬ್ಬ ಯುವತಿಯನ್ನು ಕೊಚ್ಚಿಕೊಂಡು ಹೋಯಿತು. ಗೈಡ್ ಇದನ್ನು ಅತ್ರಾನಿಯ ಅದೇ ಬೀದಿಯಲ್ಲಿ ನಿಂತು ಮೆಲ್ಲಗೆ ಹೇಳಿದರು. ಪಕ್ಕದಲ್ಲಿ ಜನ ಐಸ್‌ಕ್ರೀಂ ತಿನ್ನುತ್ತಿದ್ದರು.

ನಮ್ಮಿಬ್ಬರಿಗೂ ಆಗ ನೆನಪಾಗಿದ್ದು ಅಂಕೋಲಾದ ಶಿರೂರು. 2024ರ ಜುಲೈನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ, ಲಾರಿ ಎಲ್ಲ ಗಂಗಾವಳಿ ಹೊಳೆಗೆ ಹೋದದ್ದು. ನಾವು ಚಿಕ್ಕವರಿದ್ದಾಗಿನಿಂದ ಓಡಾಡಿದ ದಾರಿ ಅದು. ಎರಡೂ ಕಡೆ ಮಣ್ಣು ಬೇರೆ, ಮಳೆ ಬೇರೆ, ಒಂದಕ್ಕೊಂದು ಹೋಲಿಸಬಾರದು ಅಂತ ಗೊತ್ತು. ಆದರೂ ಗುಡ್ಡವನ್ನು ಕಲ್ಲಿಟ್ಟು ಕಲ್ಲಿಟ್ಟು ಹಿಡಿದು ನಿಲ್ಲಿಸಿದ ಜನರ ನಡುವೆ 6 ದಿನ ಇದ್ದು, ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡುವ ನಮ್ಮ ಕರಾವಳಿ ನೆನೆದರೆ ಹೊಟ್ಟೆ ಉರಿಯುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಜುಲೈ, ಆಗಸ್ಟ್ ಬೇಡವೇ ಬೇಡ, ಬಿಸಿಲೂ ಜಾಸ್ತಿ ಜನವೂ ಜಾಸ್ತಿ. ಮೇ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಹಿಡಿತ ಇರುವ ಶೂ, ಎರಡು ಊರುಗೋಲು ಇರಲಿ. ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ನಿಂಬೆರಸದ ಪಾಸ್ತಾ, ಬದನೆಕಾಯಿಯ ಪಾರ್ಮಿಜಾನಾ, ಕಾಳು ಹಾಕಿದ ಸೂಪ್ ಎಲ್ಲ ಸಿಗುತ್ತದೆ. ಆದರೆ ಚೀಸ್ ಬಗ್ಗೆ ಕೇಳಿಕೊಳ್ಳಿ. ಅಜೆರೊಲಾ ಕಡೆಯ ಹೆಸರಾಂತ ಪ್ರೊವೊಲೊನೆ ದೆಲ್ ಮೊನಾಕೊ ಚೀಸ್‌ಗೆ ಹಾಲು ಒಡೆಸಲು ಮೇಕೆ ಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಇದನ್ನೂ ನಮಗೆ ಹೇಳಿದ್ದು ಗೈಡೇ, ನಾವು ಕೇಳುವ ಮುಂಚೆಯೇ.

ರವೆಲ್ಲೊದ ಉದ್ಯಾನಗಳು, ಅಮಾಲ್ಫಿಯ ಹಳೆಯ ಕಾಗದದ ಗಿರಣಿ ನೋಡಿದೆವು, ಚೆನ್ನಾಗಿದ್ದವು. ಆದರೆ ಅಕ್ಕ ಜಾಸ್ತಿ ಫೋಟೋ ತೆಗೆದದ್ದು ಗೋಡೆಗಳದ್ದು. ವಾಪಸ್ ಬಂದ ಮೇಲೆ ಊರಿಗೆ ಹೋಗಿ ತೋಟ ನೋಡಿಕೊಳ್ಳುವ ತಮ್ಮನಿಗೆ ತೋರಿಸಿದಳು. ಪೊಸಿತಾನೊದ ಬಣ್ಣದ ಮನೆಗಳನ್ನು, ಸಮುದ್ರವನ್ನು ಅವನು ಬೇಗ ಬೇಗ ದಾಟಿಸಿದ. ಒಂದು ಗೋಡೆಯ ಫೋಟೋ ಬಂದಾಗ ನಿಂತ. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಕಲ್ಲಿನ ಸಂದಿಗಳನ್ನೇ ನೋಡುತ್ತಾ, "ನೀರು ಹೋಗೋಕೆ ಜಾಗ ಬಿಟ್ಟಿದಾರಲ್ಲ ಅಕ್ಕಾ. ಕೆಳಗಿನ ಸಾಲಿಗೆ ದೊಡ್ಡ ಕಲ್ಲೇ ಹಾಕಿದಾರಾ?" ಅಂತ ಕೇಳಿದ.