ಸ್ಪಷ್ಟನೆ: ಕ್ಲೆಜ್ಮರ್ ಹೋರಾ ಓಟದ ಕುಣಿತವಲ್ಲ

‘ಹೋರಾ ಎಂದರೆ ಕೈಕೈ ಹಿಡಿದು ವೇಗವಾಗಿ ಸುತ್ತುವ ಕುಣಿತ, ಹಿಂದಿನ ಯಹೂದಿ ಮದುವೆಗಳಲ್ಲಿ ಕ್ಲೆಜ್ಮರ್ (ಪೂರ್ವ ಯುರೋಪಿನ ಯಹೂದಿಗಳ ಸಂಗೀತ) ವಾದ್ಯದವರು ನುಡಿಸುತ್ತಿದ್ದದ್ದೂ ಅದನ್ನೇ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಆ ವೇಗದ ಹೋರಾ 20ನೇ ಶತಮಾನದಲ್ಲಿ ಪ್ಯಾಲೆಸ್ಟೀನಿಗೆ ವಲಸೆ ಬಂದ ಯಹೂದಿಗಳ ನಡುವೆ ಬೆಳೆದದ್ದು. ರೊಮೇನಿಯಾ, ಬೆಸ್ಸರೇಬಿಯಾ (ಬಹುಪಾಲು ಇಂದಿನ ಮಾಲ್ಡೋವಾ) ಕಡೆಯ ಕ್ಲೆಜ್ಮರ್ ಹೋರಾ, ಅಂದರೆ ಝೋಕ್, ನಿಧಾನದ್ದು: 3/8 ಲೆಕ್ಕ, ಒಂದನೇ ಮತ್ತು ಮೂರನೇ ಎಣಿಕೆಗೆ ಪೆಟ್ಟು, ಎರಡನೆಯದು ಖಾಲಿ. ಕುಂಟುತ್ತಾ ನಡೆದಂತೆ ಕೇಳಬೇಕು, ಅದರ ಸೊಗಸೇ ಅದು. ಪಕ್ಕವಾದ್ಯದವರು ಆ ಖಾಲಿ ಜಾಗ ತುಂಬಿದರೆ ಮೂರೂ ಎಣಿಕೆ ಕೇಳಿಸುವ ವಾಲ್ಟ್ಸ್ ಕುಣಿತ ಆಗಿಬಿಡುತ್ತದೆ. ಹೊಸಬರು ಎಡವುವುದು ಇಲ್ಲೇ. ಡ್ರಮ್ಮಿನವರಿಗೆ ಮೊದಲೇ ಹೇಳಿಡಿ.

ಚುರುಕು ಬೇಕಿದ್ದರೆ ಬುಲ್ಗರ್ ಎಂಬ ಕ್ಲೆಜ್ಮರ್ ಕುಣಿತ ಇದೆ: ಎಂಟು ಎಣಿಕೆ, 3+3+2 ಎಂದು ಗುಂಪಾಗಿ. ನ್ಯೂಯಾರ್ಕಿನಲ್ಲಿ ನಫ್ತುಲೆ ಬ್ರಾಂಡ್‌ವೈನ್ 1920ರ ದಶಕದಲ್ಲಿ ಮಾಡಿದ ಕ್ಲಾರಿನೆಟ್ ರೆಕಾರ್ಡುಗಳನ್ನು ಮೊದಲು ಕೇಳಿ, ಆಮೇಲೆ ನುಡಿಸಿ.