ಆ ಮೆಷಿನ್ ಮೇಲಿನ ಬಟ್ಟೆ ತೆಗೆಯಿರಿ

ನಿನ್ನೆ ರಾತ್ರಿಯೇ ಇದನ್ನು ಬರೆಯಲು ಕೂತಿದ್ದೆ. ಸಿಟ್ಟಿನಲ್ಲಿ ಬರೆಯುವುದು ಬೇಡ ಅಂತ ಅಳಿಸಿ ಮಲಗಿದೆ. ಬೆಳಗ್ಗೆ ಎದ್ದರೂ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ವಿಜ್ಞಾನ ದಿನಕ್ಕೆ ಮಾತಾಡಲು ಮಲೆನಾಡಿನ ಒಂದು ಕಾಲೇಜಿನವರು ಕರೆದಿದ್ದರು. ಹೆಸರು ಬೇಡ. ಸಿ.ವಿ. ರಾಮನ್ ಫೋಟೋಗೆ ಹಾರ ಹಾಕಿದ್ದರು, ಮಕ್ಕಳು ಚೆನ್ನಾಗಿ ಕೇಳಿದರು, ಊಟವೂ ಚೆನ್ನಾಗಿತ್ತು. ಆಮೇಲೆ "ಲ್ಯಾಬ್ ನೋಡಿ ಹೋಗಿ ಮೇಡಂ" ಅಂದರು. ಒಂದು ಕೋಣೆಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಲು ಹತ್ತು ನಿಮಿಷ ಹಿಡಿಯಿತು. ಒಳಗೆ ಮೇಜಿನ ಮೇಲೆ ಹೂವಿನ ಚಿತ್ರದ ಬಟ್ಟೆ ಹೊದ್ದು ಒಂದು ಎಫ್‌ಟಿಐಆರ್ (ವಸ್ತು ಯಾವುದು ಅಂತ ಬೆಳಕಿನಿಂದ ಗುರುತಿಸುವ ಮೆಷಿನ್) ಕೂತಿತ್ತು. ಪಕ್ಕದ ಕಂಪ್ಯೂಟರ್ ಪರದೆಯ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ. ಕೊನೆಯ ಸಲ ಆನ್ ಮಾಡಿದ್ದು ಯಾವಾಗ ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ಇಪ್ಪತ್ತು ವರ್ಷ ಔಷಧಿ ಕಂಪನಿಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್‌ನಲ್ಲೇ ಕಳೆದವಳು ನಾನು. ಹಾಗೆ ಬಿದ್ದಿರುವ ಮೆಷಿನ್ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈ ಮೆಷಿನ್ ಮಾಡುವ ಕೆಲಸ ಎಷ್ಟು ಚೆಂದ ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಸ್ಯಾಂಪಲ್ ಮೇಲೆ ಬಿಡುತ್ತದೆ. ಪರಮಾಣುಗಳ ನಡುವಿನ ಬಂಧಗಳು ಸ್ಪ್ರಿಂಗ್ ಹಾಗೆ ಅಲುಗಾಡುತ್ತಿರುತ್ತವೆ, ಒಂದೊಂದಕ್ಕೂ ಅದರದ್ದೇ ಲಯ. ತನ್ನ ಲಯಕ್ಕೆ ಹೊಂದುವ ಬೆಳಕನ್ನು ಮಾತ್ರ ಅದು ನುಂಗುತ್ತದೆ. ಎಲ್ಲೆಲ್ಲಿ ಬೆಳಕು ಕಡಿಮೆಯಾಯಿತು ಅಂತ ಗ್ರಾಫ್ ಬರುತ್ತದೆ. ಆ ಗ್ರಾಫ್ ಆ ವಸ್ತುವಿನ ಬೆರಳಚ್ಚು. ಹಿಂದೆ ಒಂದೊಂದೇ ತರಂಗವನ್ನು ಸರದಿಯಲ್ಲಿ ಅಳೆಯುತ್ತಾ ನಿಮಿಷಗಟ್ಟಲೆ ಕಾಯಬೇಕಿತ್ತು. ಈಗ ಒಳಗೊಂದು ಕನ್ನಡಿ ಹಿಂದೆ ಮುಂದೆ ಓಡಾಡುತ್ತದೆ, ಎಲ್ಲ ತರಂಗಗಳೂ ಒಟ್ಟಿಗೆ ಬರುತ್ತವೆ, ಅದನ್ನು ಕಂಪ್ಯೂಟರ್ ಬಿಡಿಸಿ ಕೊಡುತ್ತದೆ. ಕೆಲವೇ ಸೆಕೆಂಡು.

ನಾನು ಕೆಲಸಕ್ಕೆ ಸೇರಿದಾಗ ಸ್ಯಾಂಪಲ್ ತಯಾರಿ ದೊಡ್ಡ ತಲೆನೋವು. ಒಂದು ಮಿಲಿಗ್ರಾಂನಷ್ಟು ಪುಡಿಯನ್ನು ಅದರ ನೂರು ಪಟ್ಟು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು, ಪ್ರೆಸ್‌ನಲ್ಲಿ ಒತ್ತಿ, ಗಾಜಿನಂಥ ಪುಟ್ಟ ಬಿಲ್ಲೆ (ಪೆಲೆಟ್) ಮಾಡಬೇಕು. ಮಳೆಗಾಲದಲ್ಲಿ ಅದು ತೇವ ಎಳೆದು ಮಂಜಾಗುತ್ತಿತ್ತು. ಮತ್ತೆ ಮೊದಲಿಂದ. ಈಗ ಎಟಿಆರ್ ಅನ್ನುವ ಜೋಡಣೆ ಬಂದಿದೆ. ಒಂದು ಪುಟ್ಟ ವಜ್ರದ ಮೇಲೆ ಒಂದು ಹನಿ ಜೇನು ಹಾಕಿ, ಇಲ್ಲವೇ ಒಂದು ಚೂರು ಪ್ಲಾಸ್ಟಿಕ್ ಇಟ್ಟು ಒತ್ತಿದರೆ ಸಾಕು. ಅರೆಯುವುದೂ ಇಲ್ಲ, ಒಣಗಿಸುವುದೂ ಇಲ್ಲ. ಬಿಎಸ್ಸಿ ಮೊದಲ ವರ್ಷದ ಹುಡುಗಿ ಅರ್ಧ ಗಂಟೆಯಲ್ಲಿ ಕಲಿಯಬಹುದು. ಆ ಕಾಲೇಜಿನ ಮೆಷಿನ್‌ಗೂ ಎಟಿಆರ್ ಇದೆ! ಬಾಕ್ಸ್‌ನಿಂದ ತೆಗೆದಿಲ್ಲ, ಅಷ್ಟೇ.

ಇನ್ನೂ ಬೇಜಾರಿನ ವಿಷಯ ಕೇಳಿ. ಎಫ್‌ಟಿಐಆರ್ ಒಳಗೆ ಬೆಳಕನ್ನು ಎರಡಾಗಿ ಸೀಳುವ ಬೀಮ್ ಸ್ಪ್ಲಿಟರ್ ಸಾಮಾನ್ಯವಾಗಿ ಅದೇ ಪೊಟ್ಯಾಸಿಯಂ ಬ್ರೋಮೈಡ್‌ನದ್ದು. ಅದೂ ಒಂದು ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ಹೇಗೆ ನೀರೊಡೆಯುತ್ತದೋ ಹಾಗೆ ಅದೂ ತೇವ ಎಳೆದು ಹಾಳಾಗುತ್ತದೆ. ಅದಕ್ಕೇ ಒಳಗೆ ಸಿಲಿಕಾ ಜೆಲ್ ಇಡುತ್ತಾರೆ. ನೀಲಿ ಇದ್ದರೆ ಒಣಗಿದೆ, ಗುಲಾಬಿ ಆದರೆ ತೇವ ತುಂಬಿದೆ. ಓವನ್‌ನಲ್ಲಿ ಒಣಗಿಸಿದರೆ ಮತ್ತೆ ನೀಲಿ. ಖರ್ಚಿಲ್ಲದ ಕೆಲಸ. ನಾನು ಮುಚ್ಚಳ ತೆಗೆದು ನೋಡಿದಾಗ ಅದು ಪೂರ್ತಿ ಗುಲಾಬಿ. ಎಷ್ಟು ಮಳೆಗಾಲ ಹಾಗೇ ಕಳೆದಿದೆಯೋ. ಮಲೆನಾಡಿನ ಮಳೆ!

ಮೆಷಿನ್‌ಗೆ ಗ್ರ್ಯಾಂಟ್ ಸಿಗುತ್ತದೆ. ಅದನ್ನು ನೋಡಿಕೊಳ್ಳುವ ಮನುಷ್ಯನಿಗೆ ಸಂಬಳ ಸಿಗುವುದಿಲ್ಲ. ವರ್ಷದ ನಿರ್ವಹಣೆ ಒಪ್ಪಂದಕ್ಕೆ (ಎಎಂಸಿ) ದುಡ್ಡಿಲ್ಲ. ಟೆಕ್ನಿಷಿಯನ್ ಹುದ್ದೆ ಖಾಲಿ. ಪಾಠ ಮಾಡುವ ಗೆಸ್ಟ್ ಲೆಕ್ಚರರ್‌ಗೆ ವರ್ಷದ ಕೊನೆಗೆ ತನ್ನ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಅವರು ಅದನ್ನು ಮುಟ್ಟಲು ಹೆದರುತ್ತಾರೆ. ಅವರದ್ದು ತಪ್ಪು ಅಂತ ನಾನು ಹೇಳುವುದೇ ಇಲ್ಲ.

"ಅಷ್ಟು ಲಕ್ಷದ ಮೆಷಿನ್, ಮಕ್ಕಳು ಹಾಳು ಮಾಡಿದರೆ ಯಾರು ಕೊಡುತ್ತಾರೆ ಮೇಡಂ" ಅಂತ ಅಲ್ಲೊಬ್ಬರು ಕೇಳಿದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳು ಒಂದು ದಿನವೂ ಮುಟ್ಟದೇ ಅದು ಹಾಳಾಗಿದೆಯಲ್ಲ? ಸ್ಯಾಂಪಲ್ ಹೊರಗೆ ಕಳಿಸಬಹುದು ಅಂತಲೂ ಅಂದರು. ನಿಜ, ಐ-ಸ್ಟೆಮ್ ಪೋರ್ಟಲ್ 2020ರಿಂದ ಇದೆ, ದೇಶದ ಬೇರೆ ಬೇರೆ ಸಂಸ್ಥೆಗಳ ಉಪಕರಣಗಳನ್ನು ಅಲ್ಲಿ ಹುಡುಕಿ ಬಳಸಲು ಕೇಳಬಹುದು. ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಂಥ ಕೋಟಿಗಟ್ಟಲೆ ಬೆಲೆಯದ್ದಕ್ಕೆ ಅದೇ ಸರಿ, ಅದು ಪ್ರತಿ ಊರಲ್ಲೂ ಇರಲು ಸಾಧ್ಯವಿಲ್ಲ. ಆದರೆ ಎಫ್‌ಟಿಐಆರ್ ಅಂಥದ್ದಲ್ಲ. ಕಳಿಸಿದ ಸ್ಯಾಂಪಲ್‌ಗೆ ಒಂದು ಪಿಡಿಎಫ್ ಬರುತ್ತದೆ. ಕೈಗೆ ಕೆಲಸ ಬರುವುದಿಲ್ಲ.

ನನಗೂ ಬಂದಿರಲಿಲ್ಲ. ಎಂಎಸ್ಸಿಯಲ್ಲಿ ನಾನು ನೋಡಿದ್ದು ಬರೀ ಇಂಥ ಗ್ರಾಫ್‌ಗಳ (ಸ್ಪೆಕ್ಟ್ರಾ) ಝೆರಾಕ್ಸ್. 1700ರ ಹತ್ತಿರ ಪೀಕ್ ಇದ್ದರೆ ಕಾರ್ಬೊನಿಲ್ (ಕಾರ್ಬನ್-ಆಕ್ಸಿಜನ್ ಜೋಡಿ) ಅಂತ ಬಾಯಿಪಾಠ. ಮೊದಲ ಕೆಲಸದ ಸಂದರ್ಶನದಲ್ಲಿ ಪೆಲೆಟ್ ಮಾಡಿ ತೋರಿಸಿ ಅಂದಾಗ ಪ್ರೆಸ್ ಯಾವ ಕಡೆ ತಿರುಗಿಸಬೇಕು ಅಂತಲೂ ಗೊತ್ತಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತಿದ್ದೇನೆ.

ಇನ್ನೊಂದು ಮಾತು, ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ನಾನು ಸೀನಿಯರ್ ಆದ ಮೇಲೆ ಒಬ್ಬ ಟ್ರೇನಿ ಹುಡುಗ ಬಫರ್ (ಉಪ್ಪಿನ ದ್ರಾವಣ) ಓಡಿಸಿ, ನೀರಿನಲ್ಲಿ ತೊಳೆಯದೆ ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಮೆಷಿನ್) ಬಂದ್ ಮಾಡಿ ಮನೆಗೆ ಹೋಗಿದ್ದ. ರಾತ್ರಿ ಉಪ್ಪು ಕಟ್ಟಿ ಒಳಗಿನ ಕೊಳವೆ (ಕಾಲಮ್) ಹಾಳಾಯಿತು. ಎಲ್ಲರ ಎದುರು ಬೈದೆ, ಆರು ತಿಂಗಳು ಅವನಿಗೆ ಆ ಮೆಷಿನ್ ಮುಟ್ಟಲು ಬಿಡಲಿಲ್ಲ. ಅವನು ಕೆಲಸ ಬಿಟ್ಟು ಹೋದ. ತೊಳೆಯುವುದನ್ನು ಅವನಿಗೆ ಯಾರು ಹೇಳಿಕೊಡಬೇಕಿತ್ತು? ನಾನೇ. ನಿನ್ನೆ ಆ ಬೀಗ ನೋಡಿದಾಗ ನೆನಪಾದದ್ದು ಅವನ ಮುಖ.

ಜಪಾನಿನ ಕೊಯಿಚಿ ತನಾಕಾ ವಿಷಯ ಮಕ್ಕಳಿಗೆ ಹೇಳಿದ್ದೆ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಪಿಎಚ್‌ಡಿ ಇಲ್ಲ, ಉಪಕರಣ ತಯಾರಿಸುವ ಶಿಮಾಡ್ಜು ಕಂಪನಿಯಲ್ಲಿ ಕೆಲಸ. 1985ರಲ್ಲಿ ಕೈತಪ್ಪಿ ಕೋಬಾಲ್ಟ್ ಪುಡಿಗೆ ಗ್ಲಿಸರಿನ್ ಬೆರೆಸಿಬಿಟ್ಟರು. ದುಬಾರಿ ಪುಡಿ, ಎಸೆಯಲು ಮನಸ್ಸಾಗಲಿಲ್ಲ. ಅದನ್ನೇ ಅಣುಗಳ ತೂಕ ಅಳೆಯುವ ಮೆಷಿನ್‌ಗೆ ಹಾಕಿ ಲೇಸರ್ ಬಿಟ್ಟರು. ದೊಡ್ಡ ಅಣುಗಳು ಒಡೆಯದೆ ಹಾರಿ ಬರುವ ದಾರಿ ಹಾಗೆ ಸಿಕ್ಕಿತು. 2002ರಲ್ಲಿ ನೊಬೆಲ್ ಬಂತು. ತಪ್ಪು ಮಾಡಲು ಅವರ ಕೈಗೆ ಒಂದು ಮೆಷಿನ್ ಇತ್ತು.

ರಾಮನ್ ಕೂಡ 1928ರಲ್ಲಿ ಕಲ್ಕತ್ತಾದ ಲ್ಯಾಬ್‌ನಲ್ಲಿ ವಸ್ತುವಿಗೆ ತಾಗಿ ಚದುರುವಾಗ ಬಣ್ಣ ಬದಲಿಸುವ ಕ್ಷೀಣ ಬೆಳಕನ್ನು ಕಣ್ಣಿನಿಂದಲೇ ಗುರುತಿಸಿದವರು. ಅವರ ಹೆಸರಿನ ಉಪಕರಣ ಇವತ್ತು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ, ನಾವು ಗೋಡೌನಿನಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚದೆ ಒಳಗಿನ ಪುಡಿ ಯಾವುದು ಅಂತ ಅದರಲ್ಲೇ ನೋಡುತ್ತೇವೆ. ಅವರ ಫೋಟೋಗೆ ಹಾರ ಹಾಕಿದ ಕಟ್ಟಡದಲ್ಲೇ ಒಂದು ಸ್ಪೆಕ್ಟ್ರೋಮೀಟರ್‌ಗೆ ಬೀಗ ಬಿದ್ದಿರುವುದು ನನಗೆ ಸಹಿಸಲು ಆಗುತ್ತಿಲ್ಲ.

ಪ್ರಿನ್ಸಿಪಾಲರ ಜೊತೆ ಮಾತಾಡಿದ್ದೇನೆ. ತಿಂಗಳಿಗೆ ಎರಡು ಶನಿವಾರ ಬರುತ್ತೇನೆ, ಬೀಗದ ಕೈ ಡಿಪಾರ್ಟ್‌ಮೆಂಟಿನಲ್ಲೇ ಇರಲಿ ಅಂತ ಕೇಳಿದೆ. ಒಪ್ಪಿದರು. ಸಿಲಿಕಾ ಜೆಲ್ ನಾನೇ ಒಯ್ಯುತ್ತೇನೆ. ಬೀಮ್ ಸ್ಪ್ಲಿಟರ್ ಉಳಿದಿದೆಯೋ ಇಲ್ಲವೋ ಅಂತ ನೋಡಲು ಮಾತ್ರ ತಿಳಿದವರು ಬೇಕು. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಓಡಾಡುವ ಸರ್ವಿಸ್ ಎಂಜಿನಿಯರ್ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ನಿವೃತ್ತರಾದವರೂ ಆಗಬಹುದು. ಬಸ್ ಚಾರ್ಜ್ ಮತ್ತು ಊಟ ನನ್ನದು. ಜೂನ್ ಬರುವುದರೊಳಗೆ ಆಗಬೇಕು.